ಬಾಚಣಿಗೆ ಮಾವನ ಹಲಗೆ

ದೀಪ ಹಿಡಿದು ಹುಡುಕಿದರೂ ತಲೆಯ ಮೇಲೆ ಒಂದು ಕೂದಲು ಸಿಗದಿದ್ದ ನನ್ನ ಸೋದರಮಾವನವರ ಎದೆಜೇಬಿನಲ್ಲಿ ಸದಾಕಾಲ ಮೂರು ಬಾಚಣಿಗೆಗಳಿರುತ್ತಿದ್ದವು. ಒಂದು ಉಕ್ಕಿನದು, ಒಂದು ರಬ್ಬರಿನದು, ಇನ್ನೊಂದು ಯಾವ ಕಾಲದ್ದೋ ಕೊಂಬಿನದು. ಆ ಕೊಂಬಿನದರ ಹಲ್ಲುಗಳನ್ನು ಅವರೇ ಅರದಿಂದ ತೀಡಿ, ಕೆಲವನ್ನು ಮೋಟು ಮಾಡಿ, ಕೆಲವನ್ನು ಬುಡಸಮೇತ ಕಿತ್ತು, ನೋಡಿದವರಿಗೆ ಅದು ಕಸದ ಬುಟ್ಟಿಯಿಂದ ಹೆಕ್ಕಿದ್ದೆಂದು ತೋರುವ ಹಾಗೆ ಮಾಡಿಟ್ಟಿದ್ದರು. ಬಸ್ಸಿನಲ್ಲಿ ಪಕ್ಕ ಕೂತ ಯಾರಾದರೂ ಪೋಕರಿ ಅವರ ಬೋಳುತಲೆಯನ್ನೊಮ್ಮೆ, ಜೇಬನ್ನೊಮ್ಮೆ ನೋಡಿ, ‘ಏನ್ ಯಜಮಾನ್ರೇ, ಹಳೇ ನೆನಪಿಗಾ?’ ಎಂದು ಕೆಣಕಿದರೆ, ಮಾವ ಒಂದಿಷ್ಟೂ ಮುನಿಸಿಕೊಳ್ಳದೆ, ‘ನನಗಲ್ಲಪ್ಪಾ, ಬಾಗಿಲಿಗೆ’ ಎನ್ನುತ್ತಿದ್ದರು. ಕೇಳಿದವನು ಮೆಲ್ಲಗೆ ಎದ್ದು ಬೇರೆ ಸೀಟಿಗೆ ಹೋದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನಮ್ಮ ಬೀದಿಗೆಲ್ಲ ಅವರು ಬಾಚಣಿಗೆ ಮಾವ.

ಅವರ ಕಸುಬು ಬಾಗಿಲಿಗೆ ಬಣ್ಣ ಬಳಿಯುವುದು ಎಂದರೆ ಮಾತು ಸುಳ್ಳಾಗುವುದಿಲ್ಲ, ಆದರೆ ಅನ್ಯಾಯವಾಗುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕೆನ್ನುವ ಜನ ಎಲ್ಲ ಊರಿನಲ್ಲಿಯೂ ಇರುವಂತೆ ನಮ್ಮ ಊರಿನಲ್ಲಿಯೂ ಇದ್ದರು. ತೇಗದ ಬಾಗಿಲು ಮಾಡಿಸುವ ಶಕ್ತಿ ನೂರರಲ್ಲಿ ಇಬ್ಬರಿಗೆ, ಅದು ಬೇಕೆಂಬ ಹಂಬಲ ನೂರಕ್ಕೆ ನೂರು ಮಂದಿಗೆ. ನಡುವಿನ ತೊಂಬತ್ತೆಂಟು ಮಂದಿಗೆ ಮಾವ ತೇಗವನ್ನು ಒದಗಿಸುತ್ತಿದ್ದರು. ಹೆಸರಿಲ್ಲದ ಕಾಡುಮರವಿರಲಿ, ತಗಡಿರಲಿ, ಆಸ್ಪತ್ರೆಯ ಕಬ್ಬಿಣದ ಬಾಗಿಲಿರಲಿ, ಮೊದಲು ಅದಕ್ಕೊಂದು ತಿಳಿಹಳದಿಯ ಲೇಪ ಕೊಟ್ಟು, ಅದು ಒಣಗಿದ ಮೇಲೆ ಕಂದುಬಣ್ಣದ ತೆಳುಪದರವನ್ನು ಹಚ್ಚಿ, ಆ ಪದರ ಇನ್ನೂ ಹಸಿಯಾಗಿರುವಾಗಲೇ ಬಾಚಣಿಗೆ ಹಿಡಿದು ಮೇಲಿನಿಂದ ಕೆಳಕ್ಕೆ ಒಂದೇ ಉಸಿರಿನಲ್ಲಿ ಎಳೆಯುವರು. ಹಲ್ಲು ಹಾದಲ್ಲೆಲ್ಲ ಹಳದಿ ಇಣುಕಿ, ಮರದ ನಾರಿನ ಗೆರೆಗಳು ಒಂದರ ಪಕ್ಕ ಒಂದು ಎದ್ದು ನಿಲ್ಲುವವು. ಆಮೇಲೆ ಬಟ್ಟೆಯ ತುದಿಯಿಂದ ಒಂದಿಷ್ಟು ಒರೆಸುವುದು, ಹಕ್ಕಿಯ ಗರಿಯಿಂದ ಒಂದಿಷ್ಟು ಸವರುವುದು, ಕೊನೆಗೆ ಬಲಗೈಯ ಹೆಬ್ಬೆರಳನ್ನು ಊರಿ ಅರ್ಧ ಸುತ್ತು ತಿರುಗಿಸಿ ಎತ್ತುವುದು. ಅಲ್ಲೊಂದು ಗಂಟು ಮೂಡುತ್ತಿತ್ತು, ಎಂದೋ ಮುರಿದ ಕೊಂಬೆಯ ಬುಡದಂತೆ. ಅವರ ಹೆಬ್ಬೆರಳಿಗೆ ಚಿಕ್ಕಂದಿನಲ್ಲಿ ಉಳಿ ತಗುಲಿ ಆದ ಗಾಯದ ಗುರುತಿತ್ತು. ಆದ್ದರಿಂದ ಅವರ ಗಂಟುಗಳೆಲ್ಲಕ್ಕೂ ನಡುವೆ ಒಂದು ಸಣ್ಣ ಸೀಳು ಇರುತ್ತಿತ್ತು. ಅದನ್ನು ಬಲ್ಲವರು ಮೂವರೇ: ಅವರು, ಅತ್ತೆ ಮತ್ತು ನಾನು.

‘ಬಣ್ಣ ಒಣಗೋದ್ರೊಳಗೆ ಮರ ಬೆಳೆದು ಮುಗೀಬೇಕು, ಅಷ್ಟೇ ಕಷ್ಟ’ ಎನ್ನುತ್ತಿದ್ದರು.

ಇದು ಅವರು ತಮಾಷೆಗೆ ಆಡಿದ ಮಾತಲ್ಲ. ಬಾಚಣಿಗೆ ಎತ್ತುವ ಮುಂಚೆ ಅವರು ಬಾಗಿಲಿನ ಮುಂದೆ ಒಂದು ಗಂಟೆ ಸುಮ್ಮನೆ ಕುಕ್ಕರುಗಾಲಿನಲ್ಲಿ ಕುಳಿತು, ಈ ಮರಕ್ಕೆ ಎಷ್ಟು ವಯಸ್ಸು, ಇದು ಯಾವ ದಿಕ್ಕಿನ ಇಳಿಜಾರಿನಲ್ಲಿತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ತೀರ್ಮಾನ ಮಾಡಿಕೊಳ್ಳುತ್ತಿದ್ದರು. ‘ಇದಕ್ಕೆ ಎಪ್ಪತ್ತು ವರ್ಷ. ಮೂವತ್ತನೇ ವರ್ಷದಲ್ಲಿ ಮಳೆ ಕೈಕೊಡ್ತು. ನೋಡು, ಇಲ್ಲಿ ಗೆರೆ ಎಲ್ಲ ಒತ್ತೊತ್ತಾಗಿ ಬಂದಿದೆ, ಪಾಪ’ ಎಂದು, ತಾವೇ ಆಗತಾನೆ ಎಳೆದ ಗೆರೆಗಳಿಗೆ ತಾವೇ ಮರುಗುತ್ತಿದ್ದರು. ಮನೆಯ ಯಜಮಾನನಿಗೆ ಇದಾವುದೂ ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ನೆರೆಯವನ ಹೊಟ್ಟೆಯುರಿ. ಒಬ್ಬ ವಕೀಲರಂತೂ ಮಾವ ಅಲ್ಲೇ ಕೂತು ಬ್ರಷ್ಷು ತೊಳೆಯುತ್ತಿರುವಾಗಲೇ ಬಂದ ನೆಂಟರಿಗೆ, ‘ಇದು ನಮ್ಮ ತಾತನ ಕಾಲದ ತೇಗ’ ಎಂದು ಬಾಗಿಲನ್ನು ತಟ್ಟಿ ತೋರಿಸಿದ್ದರಂತೆ. ‘ನೀವೇನಂದ್ರಿ ಮಾವ?’ ಎಂದು ಕೇಳಿದೆ. ‘ನಾನ್ಯಾಕೆ ಅನ್ಲಿ? ಬಾಗಿಲು ಅವರದು, ತಾತನೂ ಅವರದೇ’ ಎಂದರು.

ಅವರ ನಡಿಗೆಯೂ ಕಸುಬಿಗೆ ತಕ್ಕ ಹಾಗೆ ಬಾಗಿಹೋಗಿತ್ತು. ರಸ್ತೆಯ ನಡುವೆ ನಡೆದವರೇ ಅಲ್ಲ. ಮನೆಗಳ ಗೋಡೆಗಳಿಗೆ ಆತುಕೊಂಡು, ಒಂದು ಭುಜವನ್ನು ಸ್ವಲ್ಪ ಇಳಿಬಿಟ್ಟು, ಸಿಕ್ಕ ಸಿಕ್ಕ ಬಾಗಿಲಿನ ಮೇಲೆ ಬೆರಳ ಗೆಣ್ಣು ತಟ್ಟುತ್ತ ಸಾಗುವರು. ಒಳಗಿನಿಂದ ಯಾರಾದರೂ ಬಂದು ‘ಯಾರು ಬೇಕಿತ್ತು?’ ಎಂದರೆ, ‘ಯಾರೂ ಬೇಡ ತಾಯಿ, ಯಾವ ಮರ ಅಂತ ನೋಡಿದೆ’ ಎಂದು ಮುಂದೆ ಹೋಗುವರು. ಒಮ್ಮೆ ಪೊಲೀಸಿನವನೊಬ್ಬ ಹಿಡಿದು ನಿಲ್ಲಿಸಿ, ‘ಬಾಗಿಲು ಬಾಗಿಲು ಸವರ್ತಾ ಹೋಗ್ತೀಯಲ್ಲ, ಏನಯ್ಯಾ ನಿನ್ನ ಕಥೆ?’ ಎಂದು ಗದರಿಸಿದ್ದಕ್ಕೆ, ಅಳುಕದೆ, ‘ಈ ಬಾಗಿಲು ಸುಳ್ಳು ಹೇಳ್ತಾ ಇದೆ ಸ್ವಾಮಿ, ಅದನ್ನ ಹಿಡೀರಿ ಮೊದಲು’ ಎಂದರಂತೆ. ಅವರ ಕಂದುಬಣ್ಣದ ಕೋಟಿನ ಮೇಲೆ ಇಪ್ಪತ್ತು ವರ್ಷಗಳ ಬಾಗಿಲುಗಳೆಲ್ಲ ಹನಿಹನಿಯಾಗಿ ಬಿದ್ದು ಒಣಗಿದ್ದವು. ಹಳೆಯ ಬೆಂಚಿನ ಮೇಲೆ ಕುಳಿತರೆ ಮನುಷ್ಯ ಎಲ್ಲಿ ಮುಗಿದ, ಬೆಂಚು ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಅತ್ತೆ ಹೇಳುತ್ತಿದ್ದ ಮಾತು ಬೇರೆ: ‘ಈ ಮಹಾನುಭಾವರು ನನ್ನ ಮುಖ ನೋಡಿದ್ದಕ್ಕಿಂತ ಬಾಗಿಲಿನ ಮುಖ ನೋಡಿದ್ದೇ ಹೆಚ್ಚು. ಮುಂದಿನ ಜನ್ಮ ಅಂತ ಇದ್ರೆ ಕದವಾಗೇ ಹುಟ್ಟಬೇಕು ನಾನು.’

ಒಂಬತ್ತನೆಯ ವಯಸ್ಸಿಗೆ ತಬ್ಬಲಿಯಾಗಿ ನಾನು ಸೇರಿದ್ದು ಈ ಇಬ್ಬರ ಮನೆಯನ್ನು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಣ್ಣದ ಡಬ್ಬಗಳ ಒಂದು ಚಾವಡಿ. ಬಣ್ಣಕ್ಕೆ ಬೆರೆಸುವ ಲಿನ್ಸೀಡ್ ಎಣ್ಣೆಯ ವಾಸನೆ ಇಂದಿಗೂ ನನಗೆ ತಾಯಿಯ ಸೆರಗಿನ ಹಾಗೆ. ಮಕ್ಕಳಿಲ್ಲದ ಆ ದಂಪತಿಗಳು ನನ್ನನ್ನು ಒಂದು ದಿನವೂ ಮುದ್ದಾಡಲಿಲ್ಲ, ಒಂದು ದಿನವೂ ಹೊರಗಿನವನೆಂದು ನೋಡಲಿಲ್ಲ. ಅತ್ತೆಗೆ ನನ್ನಲ್ಲಿ ಇದ್ದ ದೂರು ಒಂದೇ. ಕುಡಿದ ಲೋಟವನ್ನು ನಾನು ಮೇಜಿನ ಅಂಚಿಗೇ ಇಡುತ್ತಿದ್ದೆ, ಕಾಲು ಭಾಗ ಹೊರಗೆ ಚಾಚಿಕೊಂಡು ಈಗ ಬೀಳುತ್ತದೋ ಆಗ ಬೀಳುತ್ತದೋ ಎನ್ನುವಂತೆ. ‘ಇಷ್ಟು ದೊಡ್ಡ ಮೇಜಿದ್ದರೂ ಇವನ ಲೋಟಕ್ಕೆ ಊರ ಗಡಿಯೇ ಬೇಕು! ನಡುವಿಗೆ ತಳ್ಳೋ’ ಎಂದು ಅವರು ಕೂಗುವುದೂ, ನಾನು ತಳ್ಳುವುದೂ, ಮರುದಿನ ಮತ್ತೆ ಅಂಚಿಗೇ ಇಡುವುದೂ ಮೂವತ್ತು ವರ್ಷ ನಡೆಯಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ; ನನ್ನದು ಬೈದರೂ ಹೋಗಲಿಲ್ಲ.

ಓದಿ, ಕಲಾಶಾಲೆಯಲ್ಲಿ ಅಧ್ಯಾಪಕನಾಗಿ, ಚಿತ್ರಪ್ರದರ್ಶನಗಳ ಬಗ್ಗೆ ಪತ್ರಿಕೆಗಳಲ್ಲಿ ಬರೆಯತೊಡಗಿದ ಮೇಲೆ ನಾನು ಬೇರೆ ಮನೆ ಮಾಡಿದೆ. ಆದರೆ ಭಾನುವಾರದ ಮಧ್ಯಾಹ್ನ ಮಾವನ ಮನೆಯಲ್ಲೇ. ಊಟವಾದ ಮೇಲೆ ಅವರು ಕೊಂಬಿನ ಬಾಚಣಿಗೆಯಿಂದ ಅಂಗೈ ಕೆರೆದುಕೊಳ್ಳುತ್ತ ಒಂದೇ ಪ್ರಶ್ನೆ ಎತ್ತುತ್ತಿದ್ದರು: ‘ಹೌದಪ್ಪಾ, ಕಲೆ ಅಂದ್ರೆ ಏನು? ಒಂದೇ ಮಾತಲ್ಲಿ ಹೇಳು ನೋಡೋಣ.’ ನಾನು ಹೊಸದಾಗಿ ಓದಿದ ಉತ್ಸಾಹದಲ್ಲಿ ವಾರಕ್ಕೊಂದು ವ್ಯಾಖ್ಯೆಯನ್ನು ಹೊತ್ತು ತರುವೆ, ಅವರು ಅದನ್ನು ಬಾಗಿಲಿನ ಹಾಗೆ ತಟ್ಟಿ ನೋಡುವರು. ಸೌಂದರ್ಯವೇ ಕಲೆ ಎಂದರೆ, ‘ನಿಮ್ಮತ್ತೆ ಮಡಚಿಟ್ಟ ಬಟ್ಟೆ ನೋಡು, ಅದಕ್ಕಿಂತ ಅಂದ ಬೇಕಾ? ಅದನ್ನ ಯಾಕೆ ಗೋಡೆಗೆ ಹಾಕಲ್ಲ?’ ಎನ್ನುವರು. ಪ್ರಯೋಜನದ ಹಂಗಿಲ್ಲದ್ದು ಕಲೆ ಎಂದರೆ, ‘ಹಾಗಾದ್ರೆ ನಮ್ಮ ಮೇಸ್ತ್ರಿ ದೊಡ್ಡ ಕಲೆ. ಅವನಿಂದ ಯಾರಿಗೂ ಏನೂ ಪ್ರಯೋಜನ ಇಲ್ಲ’ ಎಂದು ಗಹಗಹಿಸುವರು. ಅಂತರಂಗದ ಭಾವವನ್ನು ಹೊರಗಿಡುವುದು ಎಂದಾಗ ಮಾತ್ರ ಅಂಗೈ ಕೆರೆಯುವುದನ್ನು ನಿಲ್ಲಿಸಿ, ‘ಮರದ ಭಾವ ಇಟ್ರೆ ಆಗಲ್ವಾ?’ ಎಂದರು. ನಾನು ನಕ್ಕುಬಿಟ್ಟೆ. ಕೊನೆಗೊಂದು ಭಾನುವಾರ, ಸುಸ್ತಾಗಿ, ‘ನೋಡಿ ಮಾವ, ಹೋಗ್ತಾ ಇರೋ ಮನುಷ್ಯನನ್ನ ತಡೆದು ನಿಲ್ಲಿಸಿ ನೋಡೋ ಹಾಗೆ ಮಾಡುತ್ತಲ್ಲ, ಅದು ಕಲೆ’ ಎಂದೆ. ಅವರು ಬಾಚಣಿಗೆಯನ್ನು ಜೇಬಿಗಿಟ್ಟು, ‘ಇದು ಪರವಾಗಿಲ್ಲ, ಗಟ್ಟಿ ಮರ’ ಎಂದರು. ಆ ಮೆಚ್ಚುಗೆಯಿಂದ ನಾನು ಎಷ್ಟು ಉಬ್ಬಿದೆನೆಂದರೆ, ಆ ವಾಕ್ಯವನ್ನೇ ಮುಂದೆ ಹತ್ತಾರು ಲೇಖನಗಳಲ್ಲಿ ತಿರುಗಿಸಿ ತಿರುಗಿಸಿ ಬರೆದೆ.

ಚಿತ್ರಗಳ ವಿಷಯದಲ್ಲಿ ಅವರಿಗೆ ತಿಳಿವಳಿಕೆ ಇತ್ತೆಂದು ಹೇಳಲಾರೆ. ಒಮ್ಮೆ ದೊಡ್ಡದೊಂದು ಪ್ರದರ್ಶನಕ್ಕೆ ಕರೆದೊಯ್ದೆ. ಎರಡು ಗಂಟೆ ಸುತ್ತಿ ಹೊರಗೆ ಬಂದು, ‘ಚೌಕಟ್ಟುಗಳೆಲ್ಲ ಸುಳ್ಳು ಕಣಪ್ಪಾ, ಒಂದೂ ಒಳ್ಳೇ ಮರ ಇಲ್ಲ. ಒಳಗಿನ ಚಿತ್ರ ಹೇಗಿದ್ಯೋ ನೀನೇ ಹೇಳಬೇಕು’ ಎಂದರು. ನಾನು ಅದನ್ನು ಗೆಳೆಯರ ಮುಂದೆ ಅಭಿನಯಿಸಿ ತೋರಿಸಿ ನಗಿಸುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ನಾವು ಬೇರೆಯವರಿಗೆ ಬುದ್ಧಿ ಹೇಳಲು ಬಳಸುತ್ತೇವೆ, ನಮ್ಮ ಹಿತ್ತಲಿಗೆ ಹೋಗಿ ನೋಡುವುದಿಲ್ಲ.

ಅವರಿಗೆ ಅರವತ್ತೆರಡಾದ ವರ್ಷ ಕೆಲಸ ಇಳಿಯತೊಡಗಿತು. ಮರದ ಗೆರೆಗಳನ್ನು ಹಾಳೆಯ ಮೇಲೆ ಅಚ್ಚು ಹಾಕಿ ಬಾಗಿಲಿಗೆ ಅಂಟಿಸುವ ಕಾರ್ಖಾನೆಗಳು ಬಂದಿದ್ದವು. ಅಂಥದೊಂದು ಬಾಗಿಲನ್ನು ನೋಡಿ ಬಂದು, ‘ಒಂದೇ ಮರವಂತೆ, ಸಾವಿರ ಬಾಗಿಲಲ್ಲಿ ನಿಂತಿದೆಯಂತೆ. ಅದಕ್ಕೆಷ್ಟು ಸುಸ್ತಾಗಿರಬೇಕು!’ ಎಂದರು. ಆ ಚಳಿಗಾಲವೆಲ್ಲ ಅವರು ಹಿಂದಿನ ಚಾವಡಿಯ ಬಾಗಿಲು ಹಾಕಿಕೊಂಡು ಏನೋ ಮಾಡುತ್ತಿದ್ದರು. ಕೇಳಿದರೆ ಅತ್ತೆ, ‘ಯಾವುದೋ ಮರ ಬೆಳೆಸ್ತಾ ಇದ್ದಾರೆ. ಈ ಸಲ ಬಾಗಿಲಿಗಲ್ಲವಂತೆ’ ಎಂದರು. ನಾನು ಮತ್ತೆ ವಿಚಾರಿಸಲಿಲ್ಲ.

ಆ ವರ್ಷ ಊರಿನ ಕಲಾಸಂಘದ ವಾರ್ಷಿಕ ಪ್ರದರ್ಶನಕ್ಕೆ ಕೃತಿಗಳನ್ನು ಆರಿಸುವ ಸಮಿತಿಯಲ್ಲಿ ಮೂವರಿದ್ದೆವು: ಒಬ್ಬರು ವೃದ್ಧ ಶಿಲ್ಪಿ, ಇನ್ನೊಬ್ಬರು ನಾನು ಪಾಠ ಮಾಡುತ್ತಿದ್ದ ಕಲಾಶಾಲೆಯ ಪ್ರಾಂಶುಪಾಲರಾದ ಮಹಿಳೆ, ಮೂರನೆಯವನು ಸಂಚಾಲಕನಾದ ನಾನು. ಪಕ್ಷಪಾತ ಆಗಬಾರದೆಂದು ಕಲಾವಿದರ ಹೆಸರುಗಳನ್ನು ಮೊಹರು ಮಾಡಿದ ಲಕೋಟೆಗಳಲ್ಲಿಟ್ಟು, ಕೃತಿಯ ಬೆನ್ನಿಗೆ ಅಂಕಿಯೊಂದನ್ನು ಮಾತ್ರ ಅಂಟಿಸುವುದು ಸಂಘದ ನಿಯಮ. ನೂರ ಹದಿಮೂರು ಕೃತಿಗಳು ಬಂದಿದ್ದವು. ಎರಡು ದಿನ ನೋಡಿದೆವು, ವಾದಿಸಿದೆವು. ಮುರಿದ ಕುರ್ಚಿಯೊಂದನ್ನು ತಂತಿಯಿಂದ ಸೂರಿಗೆ ತೂಗುಹಾಕಿದ ಕೃತಿಯ ಮುಂದೆ ಅರ್ಧ ದಿನವೇ ಹೋಯಿತು. ಶಿಲ್ಪಿಗಳು ‘ಇದನ್ನ ರಿಪೇರಿಗೆ ಕಳಿಸಿ’ ಎಂದರು. ನಾನು ಟೀ ಲೋಟ ಕೆಳಗಿಟ್ಟು, ನನ್ನ ಆ ಗಟ್ಟಿ ಮರದ ವಾಕ್ಯವನ್ನು ಹೇಳಿದೆ: ‘ಅರ್ಧ ದಿನ ನಮ್ಮನ್ನ ನಿಲ್ಲಿಸಿದೆಯಲ್ಲ ಸರ್, ಅದೇ ಅದರ ಅರ್ಹತೆ.’ ಕುರ್ಚಿ ಆಯ್ಕೆಯಾಯಿತು.

ಎರಡನೆಯ ಸಂಜೆ ಲೆಕ್ಕ ಹಾಕಿದರೆ ನೂರ ಹನ್ನೆರಡೇ. ಎಪ್ಪತ್ತೊಂದನೆಯ ಅಂಕಿ ಎಲ್ಲಿಯೂ ಇಲ್ಲ. ಕೋಣೆಯನ್ನೆಲ್ಲ ಜಾಲಾಡಿದೆವು, ಸಂಘದ ಜವಾನ ಕೈಕೈ ಹಿಸುಕಿಕೊಂಡ. ಆಮೇಲೆ ಅವನು ಗುಡಿಸುವುದಕ್ಕೆಂದು ನಾವು ಎರಡು ದಿನ ಟೀ ಕುಡಿದ ಹಲಗೆಯನ್ನು ಎತ್ತಿದ. ಎರಡು ಸ್ಟೂಲುಗಳ ಮೇಲೆ ಅವನೇ ಅಡ್ಡ ಹಾಕಿಟ್ಟಿದ್ದ ಒಳ್ಳೆಯ ತೇಗದ ಹಲಗೆ ಅದು, ಸುಮಾರು ಮೂರು ಅಡಿ ಉದ್ದದ್ದು. ಎತ್ತಿದವನು ಅದರ ಬೆನ್ನು ನೋಡಿ, ‘ಅಯ್ಯಯ್ಯೋ’ ಎಂದ. ಬೆನ್ನಿನಲ್ಲಿ ಮರವೇ ಇರಲಿಲ್ಲ. ಮರದ ಹೊಟ್ಟನ್ನು ಒತ್ತಿ ಮಾಡಿದ ಅಗ್ಗದ ರಟ್ಟಿನಂಥ ಹಲಗೆ. ಅದರ ಮೂಲೆಯಲ್ಲಿ ಎಪ್ಪತ್ತೊಂದು.

ಮೊದಲು ನಾವು ನಕ್ಕೆವು, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಶಿಲ್ಪಿಗಳು ಅದನ್ನು ಕಿಟಕಿಯ ಬಳಿ ಒರಗಿಸಿ, ನಂಬದೆ, ಉಗುರಿನಿಂದ ಒಂದು ಗೀರು ಗೀರಿದರು. ಗೀರಿನೊಳಗೆ ಹಳದಿ ಬಣ್ಣ ಕಂಡಿತು. ಬುಡದಲ್ಲಿ ಅಗಲವಾಗಿ ಹರಡಿ, ನಡುವೆ ಯಾವುದೋ ಕಷ್ಟಕಾಲದಲ್ಲಿ ಒತ್ತಿ ಬಂದು, ಗಂಟೊಂದನ್ನು ಬಳಸಿ ಮತ್ತೆ ಸಾವಕಾಶವಾಗಿ ಬಿಚ್ಚಿಕೊಂಡು ಮೇಲೇರುವ ಆ ಗೆರೆಗಳಲ್ಲಿ ಒಂದು ಇಡೀ ಆಯುಷ್ಯವಿತ್ತು. ಮೇಲೆ ಮೂರು ಲೋಟಗಳ ಮೂರು ಕರೆಗಳಿದ್ದವು. ನಾನು ಗಂಟನ್ನು ನೋಡಿದೆ. ಅದರ ನಡುವೆ ಸಣ್ಣ ಸೀಳಿತ್ತು.

ಆ ಕ್ಷಣವೇ ನಾನು ಹೇಳಬೇಕಾಗಿತ್ತು: ಇದು ನಮ್ಮ ಮಾವನದು, ನನ್ನನ್ನು ಬಿಟ್ಟು ನೀವಿಬ್ಬರೇ ತೀರ್ಮಾನಿಸಿ ಎಂದು. ಎರಡು ವಾಕ್ಯ. ಹೇಳಲಿಲ್ಲ. ಸಂಚಾಲಕ ತನ್ನ ಮನೆಯ ಪೇಂಟರನ್ನು ಒಳಗೆ ತೂರಿಸಿದ ಎಂದು ನಾಳೆ ಪ್ರಾಂಶುಪಾಲರು ಅಂದಾರೆಂಬ ಭಯ. ಅದಕ್ಕಿಂತ ಆಳದಲ್ಲಿ, ನಾನು ಬಾಗಿಲು ಬಳಿಯುವವರ ಮನೆಯಲ್ಲಿ ಬೆಳೆದವನೆಂದು ಅವರಿಗೆ ತಿಳಿದೀತೆಂಬ ಸಣ್ಣತನ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಏನೂ ಅನ್ನುವ ಮುಂಚೆಯೇ ನಾನು ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

‘ಇದು ಇರಲಿ’ ಎಂದರು ಶಿಲ್ಪಿಗಳು.

‘ಹಲಗೆ ತೂಗುಹಾಕಿದ್ದಾರೆ ಅಂತ ಜನ ನಗ್ತಾರೆ ಸರ್’ ಎಂದರು ಪ್ರಾಂಶುಪಾಲರು, ತಂತಿಯಲ್ಲಿ ತೂಗುತ್ತಿದ್ದ ಕುರ್ಚಿಯ ಕೆಳಗೇ ನಿಂತುಕೊಂಡು.

ಇಬ್ಬರೂ ನನ್ನ ಮುಖ ನೋಡಿದರು. ನಾನು ಗಂಟಲು ಸರಿಮಾಡಿಕೊಂಡು, ಕೌಶಲ ಬೇರೆ ಕಲೆ ಬೇರೆ ಎಂದು ಶುರುಮಾಡಿ, ನಿರರ್ಗಳವಾಗಿ ಮಾತಾಡಿದೆ. ‘ತಡೆದು ನಿಲ್ಲಿಸದ್ದು ಕಲೆ ಹೇಗಾಗುತ್ತೆ? ಎರಡು ದಿನ ಇದರ ಮೇಲೆ ಟೀ ಕುಡಿದ್ವಿ. ನಮ್ಮಲ್ಲಿ ಒಬ್ಬರಾದ್ರೂ ನಿಂತು ನೋಡಿದ್ವಾ?’ ಎಂದೆ.

‘ಅದು ಅದರ ತಪ್ಪೋ, ನಮ್ಮ ತಪ್ಪೋ?’ ಎಂದು ಶಿಲ್ಪಿಗಳು ತಮ್ಮ ಉಗುರನ್ನೇ ನೋಡಿಕೊಳ್ಳುತ್ತ ಕೇಳಿದರು. ನಾನು ಬೇಡವೆಂದು ಕೈ ಎತ್ತಿದೆ. ಇಬ್ಬರು ಬೇಡ, ಒಬ್ಬರು ಬೇಕು. ತಿರಸ್ಕೃತ ಕೃತಿಯ ಚೀಟಿಯಲ್ಲಿ ಕಾರಣ ಬರೆಯುವುದು ಸಂಚಾಲಕನ ಕೆಲಸ. ‘ಕಲಾಕೃತಿಯ ವ್ಯಾಖ್ಯೆಗೆ ಒಳಪಡುವುದಿಲ್ಲ’ ಎಂದು ನನ್ನ ದುಂಡನೆಯ ಅಕ್ಷರಗಳಲ್ಲಿ ಬರೆದೆ. ಆ ಅಕ್ಷರಗಳನ್ನು ತಿದ್ದಿಸಿದವರು ಮಾವ. ಬಾಗಿಲಿನ ತುಂಡಿನ ಮೇಲೆ, ಬ್ರಷ್ಷಿನಿಂದ.

ಒಂದು ಭಾನುವಾರ ತಪ್ಪಿಸಿದೆ. ಎರಡನೆಯದಕ್ಕೆ ಹೋದೆ. ಮುಂದಿನ ಕೋಣೆಯಲ್ಲಿ ಮಾವ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಕೋಟು ಹಾಕಿದ್ದರು, ಜೇಬಿನಲ್ಲಿ ಬಾಚಣಿಗೆಗಳಿದ್ದವು. ಎಲ್ಲವೂ ಎಂದಿನ ಹಾಗೆಯೇ ಇತ್ತು. ಹಲಗೆಯನ್ನು ಮರಳಿಸಲು ಬಂದ ಜವಾನ ಟೀ ಕುಡಿದ ಕಥೆಯನ್ನೆಲ್ಲ ಹೇಳಿಹೋಗಿದ್ದನಂತೆ. ಚೀಟಿಯ ಮಾತು ಎತ್ತಲೇ ಇಲ್ಲ. ಮೂರು ಕರೆಗಳಲ್ಲಿ ಒಂದರ ಮೇಲೆ ಬೆರಳಿಟ್ಟರು. ಉಳಿದೆರಡು ಪೂರ್ತಿ ಬಳೆಗಳು. ಇದು ಅಂಚಿನಲ್ಲಿ ಕತ್ತರಿಸಿಹೋದ ಮುಕ್ಕಾಲು ಬಳೆ.

‘ಇದು ನಿನ್ನ ಲೋಟ’ ಎಂದರು.

ಬೆರಳನ್ನು ತೆಗೆಯದೆಯೇ ಕೇಳಿದರು:

‘ಎರಡು ದಿನವೂ ಹಲಗೆ ಅಂತಾನೇ ಅಂದ್ಕೊಂಡ್ರಾ?’

‘ಹೂಂ ಮಾವ.’

‘ಆ ಶಿಲ್ಪಿಗಳೂ?’

‘ಅವರೂ.’

‘ನೀನೂ?’

‘ನಾನೂ.’

ಅವರ ಮುಖ ಅರಳಿತು. ಅಷ್ಟು ದೊಡ್ಡ ಸಂತೋಷವನ್ನು ಆ ಮುಖದಲ್ಲಿ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹತ್ತು ಪದಕ ಕೊಟ್ಟಿದ್ದರೂ ಅದು ಬರುತ್ತಿರಲಿಲ್ಲ. ಬಂದಷ್ಟೇ ಬೇಗ ಇಳಿದೂ ಹೋಯಿತು. ‘ಗೊತ್ತಿಲ್ಲದಾಗ ಒಪ್ಪಿದ್ರಿ, ಗೊತ್ತಾದ ಮೇಲೆ ಬೇಡ ಅಂದ್ರಿ’ ಎಂದು, ಯಾರ ಮೇಲೂ ಆರೋಪವಿಲ್ಲದೆ, ಲೆಕ್ಕ ತಾಳೆಯಾಗದ ಹುಡುಗನ ಹಾಗೆ ಹೇಳಿಕೊಂಡರು. ಆಮೇಲೆ ತಲೆ ಎತ್ತಿ ಕೇಳಿದರು: ‘ನನ್ನದು ಅಂತ ನಿನಗೆ ಗೊತ್ತಾಯ್ತಾ?’

‘ಇಲ್ಲ ಮಾವ’ ಎಂದೆ. ‘ಹೆಸರು ಇರಲ್ಲವಲ್ಲ.’

ಅವರು ಗಂಟಿನ ಮೇಲೆ ಹೆಬ್ಬೆರಳಿಟ್ಟರು. ಬೆರಳು ತನ್ನ ಗುರುತಿನೊಳಗೆ ಸರಿಯಾಗಿ ಕೂತಿತು. ತಟ್ಟಿ ನೋಡಿ ಸುಳ್ಳು ಮರ ಯಾವುದು, ನಿಜದ ಮರ ಯಾವುದು ಎಂದು ಹೇಳುತ್ತಲೇ ಆಯುಷ್ಯ ಕಳೆದವರ ಮುಂದೆ ನಾನು ಆಡಿದ ಸುಳ್ಳಿಗೆ ಯಾವ ಬಣ್ಣವೂ ಹತ್ತಿರಲಿಲ್ಲ.

‘ಹಾಗಾದ್ರೆ ಸರಿ’ ಎಂದರು. ಒಳಗೆ ಅತ್ತೆಗೆ ಕೇಳುವಂತೆ, ‘ಇವನಿಗೆ ಟೀ ಕೊಡೇ’ ಎಂದರು.

ಆಮೇಲೆ ಅವರು ಮೂರು ವರ್ಷ ಬದುಕಿದ್ದರು. ನಾನು ಭಾನುವಾರಗಳನ್ನು ತಪ್ಪಿಸಲಿಲ್ಲ. ಅವರೂ ಅಕ್ಕರೆಯಲ್ಲಿ ಕಡಿಮೆ ಮಾಡಲಿಲ್ಲ. ಮಂಡಿನೋವು, ಅತ್ತೆಯ ರಕ್ತದೊತ್ತಡ, ಊರಿನ ಧೂಳು, ಎಲ್ಲವನ್ನೂ ಮಾತಾಡಿದೆವು. ಕಲೆ ಅಂದ್ರೆ ಏನು ಎಂದು ಮಾತ್ರ ಅವರು ಮತ್ತೆ ಕೇಳಲಿಲ್ಲ. ಊಟವಾದ ಮೇಲೆ ಬಾಚಣಿಗೆ ತೆಗೆದು ಅಂಗೈ ಕೆರೆದುಕೊಳ್ಳುವಾಗ ಈಗ ಕೇಳಿಯಾರು, ಈಗ ಕೇಳಿಯಾರು ಎಂದು ನಾನು ಕಾಯುತ್ತಿದ್ದೆ. ಕೇಳಿದ್ದರೆ ಅದರ ಹಿಂದೆಯೇ ಉಳಿದದ್ದನ್ನೂ ಹೇಳಿಬಿಡುತ್ತಿದ್ದೆ ಎಂದು ಇಂದಿಗೂ ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ. ಅವರೇ ಕೇಳಲಿ ಎಂದು ಯಾಕೆ ಕಾದೆ? ನನ್ನ ಬಾಯಿಗೇನು ಬೀಗ ಹಾಕಿತ್ತೇ? ಹಲಗೆ ಹಿಂದಿನ ಚಾವಡಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿರುತ್ತಿತ್ತು. ಅದನ್ನು ತಿರುಗಿಸಿ ನೋಡುವ ಧೈರ್ಯ ನನಗೆ ಬರಲಿಲ್ಲ.

ಅವರು ಹೋದ ಒಂದು ತಿಂಗಳಿಗೆ, ಒಂದು ಮಧ್ಯಾಹ್ನ, ಅತ್ತೆ ಆ ಹಲಗೆಯನ್ನು ಎರಡು ಸ್ಟೂಲುಗಳ ಮೇಲಿಟ್ಟು ಅದರ ಮೇಲೆಯೇ ನನಗೆ ಟೀ ತಂದಿಟ್ಟರು. ಮೂವತ್ತು ವರ್ಷದಲ್ಲಿ ಮೊದಲ ಸಲ, ಯಾರೂ ಹೇಳದೆಯೇ, ನಾನು ಲೋಟವನ್ನು ನಡುವಿಗೆ ತಳ್ಳಿದೆ. ಆಗ ಅಂಚಿನಲ್ಲಿ ಕಂಡಿತು, ಅದೇ ಮುಕ್ಕಾಲು ಬಳೆ. ಶಿಲ್ಪಿಗಳ ಉಗುರಿನ ಗೀರು ಇರಲಿಲ್ಲ. ಉಳಿದೆರಡು ಕರೆಗಳೂ ಇರಲಿಲ್ಲ. ನನ್ನದು ಮಾತ್ರ ಹಸಿಹಸಿಯಾಗಿ, ಈಗತಾನೆ ಲೋಟ ಎತ್ತಿದ ಹಾಗೆ ಇತ್ತು. ಕರವಸ್ತ್ರ ತೆಗೆದು ಒರೆಸಿದೆ. ಹೋಗಲಿಲ್ಲ. ಬಾಯಿಯ ಹಬೆ ಊದಿ, ಒತ್ತಿ ಒರೆಸಿದೆ.

‘ಎಷ್ಟು ಒರೆಸಿದ್ರೂ ಹೋಗಲ್ಲ ಅದು’ ಎಂದರು ಅತ್ತೆ. ‘ಕರೆ ಅಲ್ಲ ಅದು. ನಿಮ್ಮ ಮಾವ ಬರೆದಿದ್ದು.’

ನಾನು ಅವರ ಮುಖ ನೋಡಿದೆ.

‘ಮೂರು ಕರೆಯನ್ನೂ ತೆಗೆದುಹಾಕಿದ್ರು. ಆಮೇಲೆ ಒಂದು ವಾರ ಕೂತು ನಿನ್ನದೊಂದನ್ನ ಮತ್ತೆ ಬರೆದ್ರು. ಕೈ ನಡುಗ್ತಿತ್ತು ಆಗಲೇ. ಯಾಕ್ರೀ, ಒರೆಸಿದ್ದನ್ನ ಮತ್ತೆ ಬರೀತೀರಲ್ಲ, ಏನಾಗಿದೆ ನಿಮಗೆ ಅಂದೆ. ಮರಕ್ಕಂತೂ ಅವನು ನಿಲ್ಲಲಿಲ್ಲ, ಇಲ್ಲಿ ನಿಂತೇ ನಿಲ್ತಾನೆ ಅಂದ್ರು.’

ನಿಂತಿದ್ದೆ. ಟೀ ಆರಿಹೋಯಿತು. ಅದು ಕ್ಷಮೆಯೋ, ಛೀಮಾರಿಯೋ, ಅಥವಾ ಆ ವಾದದಲ್ಲಿ ಅವರಾಡಿದ ಕೊನೆಯ ಮಾತೋ ಎಂದು ನಾನು ಈ ಹೊತ್ತಿಗೂ ಅರಿಯೆ. ಮುಟ್ಟಿ ನೋಡಿದೆ, ನುಣ್ಣಗಿತ್ತು. ಗಟ್ಟಿಯಾಗಿ, ಅತ್ತೆಗೆ ಕೇಳುವಂತೆಯೇ, ‘ನನಗೆ ಗೊತ್ತಿತ್ತು ಅತ್ತೆ. ಅವತ್ತೇ ಗೊತ್ತಿತ್ತು’ ಎಂದೆ. ಅತ್ತೆ, ‘ಅವರಿಗೂ ಗೊತ್ತಿತ್ತು ಬಿಡು’ ಎಂದು ಲೋಟ ತೆಗೆದುಕೊಂಡು ಒಳಗೆ ಹೋದರು.

ಲೋಕದಲ್ಲಿ ಇಂಥವರು ಒಂದು ಬಗೆಯ ಜನ. ತಾವು ಮಾಡಿದ್ದರೊಳಗಿಂದ ತಾವು ಪೂರ್ತಿ ಮಾಯವಾದಾಗ ಮಾತ್ರ ಕೆಲಸ ಮುಗಿಯಿತೆಂದು ಬ್ರಷ್ಷು ತೊಳೆಯುವವರು ಅವರು. ಕಾಣಿಸಿಕೊಂಡರೆ ಸೋತೆವೆಂದೇ ಅವರ ಎಣಿಕೆ. ಆದರೂ ಬಾಳಿನ ಕೊನೆಗೆ ಒಮ್ಮೆ, ತಮ್ಮವರೆನಿಸಿದ ಒಬ್ಬರ ಕಣ್ಣಿಗೆ ಮಾತ್ರ, ಕಾಣಬೇಕೆಂದು ಆಸೆಪಡುತ್ತಾರೆ. ಹೆಸರಿಡುವುದೇ ಕಸುಬಾದ ನಾವು ಆ ಹೊತ್ತಿಗೆ ವ್ಯಾಖ್ಯೆಯ ಅಳತೆಪಟ್ಟಿ ಹಿಡಿದು ಕುಳಿತು, ನಮ್ಮ ಕಣ್ಣಿನ ಬಡತನವನ್ನು ಅವರ ಕೆಲಸದ ಕೊರತೆಯೆಂದು ದುಂಡನೆಯ ಅಕ್ಷರಗಳಲ್ಲಿ ಬರೆದುಕೊಡುತ್ತೇವೆ. ಕಲೆ ಎಂದರೆ ಏನೆಂದು ನನಗೆ ಇಂದಿಗೂ ತಿಳಿಯದು. ತರಗತಿಯಲ್ಲಿ ಮಕ್ಕಳು ಕೇಳಿದರೆ ನಾನು ಈಗ ಮಾತು ತಪ್ಪಿಸುತ್ತೇನೆ. ತಿಳಿದಿರುವುದು ಇಷ್ಟೇ: ಅಂಥವರು ಎದುರಿಗೆ ಕುಳಿತು ಒಂದು ಮಾತು ಕೇಳಿದಾಗ ಹೇಳಿಬಿಡಬೇಕು. ಕದ ಮುಚ್ಚಿದ ಮೇಲೆ ತಟ್ಟಿದರೆ ಅದು ಯಾವ ಮರದ್ದೆಂದು ತಿಳಿದೀತು, ಒಳಗಿನಿಂದ ಯಾರೂ ಓಗೊಡುವುದಿಲ್ಲ.